ತಕ್ಕಡಿಯ ಮುಳ್ಳು, ಹೊಟ್ಟೆಯ ಗೋಳು: ಡಯೆಟ್ ಆರಂಭಿಸುವವರಿಗೆ ಮೊದಲ ತಿಂಗಳ ಪಾಠ

ತೂಕ ಇಳಿಸಿ ಎಂದು ವೈದ್ಯರು ಹೇಳಿದ ಮೇಲೆ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಇಷ್ಟು. ಮೊದಲು ಒಂದು ತೂಕದ ಯಂತ್ರ ಮನೆಗೆ ಬರುತ್ತದೆ. ಮರುದಿನದಿಂದ ಅನ್ನ ಬಂದ್, ಬೆಳಗಿನ ತಿಂಡಿ ಬಂದ್, ರಾತ್ರಿ ಬರೀ ಹಸಿ ತರಕಾರಿ ಮತ್ತು ಮೊಳಕೆ ಕಾಳು. ಮೊದಲ ವಾರ ಎರಡು ಕಿಲೋ ಇಳಿಯುತ್ತದೆ, ಮನೆಯವರಿಗೆಲ್ಲ ಸಂತೋಷ. ಎರಡನೇ ವಾರ ಮುಳ್ಳು ಅಲುಗುವುದಿಲ್ಲ. ಅಷ್ಟರಲ್ಲಿ ಹೊಟ್ಟೆ ಉಬ್ಬರ, ಹುಳಿತೇಗು ಶುರುವಾಗಿರುತ್ತದೆ. ಮೂರು ದಿನವಾದರೂ ಹೊಟ್ಟೆ ಸಾಫಾಗಿರುವುದಿಲ್ಲ. ಮೂರನೇ ವಾರ ಒಂದು ಮದುವೆ ಊಟ. ಮಾರನೇ ಬೆಳಗ್ಗೆ ಯಂತ್ರ ಒಂದೂವರೆ ಕಿಲೋ ಹೆಚ್ಚು ತೋರಿಸುತ್ತದೆ. "ನನ್ನ ಮೈಯೇ ಹೀಗೆ, ನನಗೆ ಡಯೆಟ್ ಆಗಿಬರುವುದಿಲ್ಲ" ಎಂಬ ತೀರ್ಮಾನದೊಂದಿಗೆ ಯಂತ್ರ ಮಂಚದ ಕೆಳಗೆ ಸೇರುತ್ತದೆ.

ಇದು ನಗುವ ವಿಷಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಹೊಸ್ತಿಲಲ್ಲಿ ನಿಂತವರು ಊಟ, ನಡಿಗೆ ಸರಿಪಡಿಸಿಕೊಂಡರೆ ಹಿಂದೆ ಸರಿಯಬಹುದು. ಆದರೆ ಮೊದಲ ತಿಂಗಳಲ್ಲೇ ಸೋತು ಕೈಬಿಟ್ಟರೆ ಆ ಅವಕಾಶ ತಪ್ಪುತ್ತದೆ. ಹಾಗೆ ಕೈಬಿಡಲು ದೊಡ್ಡ ಕಾರಣಗಳು ಎರಡು: ದಿನವೂ ತೂಕ ನೋಡುವ ಗೀಳು ಮತ್ತು ಹೊಟ್ಟೆಯ ತೊಂದರೆ. ನೋಡಲು ಬೇರೆ ಬೇರೆ ಎನಿಸುವ ಇವೆರಡೂ ಒಂದೇ ಗಂಟಿನ ಎರಡು ತುದಿಗಳು. ಈ ಗಂಟನ್ನು ಬಿಡಿಸುವುದು ಹೇಗೆಂದು ಈ ಪಾಠದಲ್ಲಿ ನೋಡೋಣ.

ಯಂತ್ರ ತೂಗುವುದು ಏನನ್ನು?

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅನುಭವಿ ರೀಲರ್ ಗೂಡಿನ ರಾಶಿಯ ತೂಕವನ್ನಷ್ಟೇ ನೋಡಿ ಬೆಲೆ ಕೂಗುವುದಿಲ್ಲ. ಒಂದು ಹಿಡಿ ಗೂಡು ಕೈಗೆತ್ತಿಕೊಂಡು ಅಲುಗಾಡಿಸುತ್ತಾರೆ, ಒತ್ತಿ ನೋಡುತ್ತಾರೆ. ಏಕೆಂದರೆ ಹಸಿ ಗೂಡಿನ ತೂಕದ ಬಹುಪಾಲು ಒಳಗಿರುವ ಹುಳುವಿನದು ಮತ್ತು ತೇವದ್ದು. ಮಳೆಗಾಲದ ತೇವದ ಗೂಡು ಹೆಚ್ಚು ತೂಗುತ್ತದೆ, ಆದರೆ ಅದರಿಂದ ನೂಲು ಹೆಚ್ಚು ಬರುವುದಿಲ್ಲ. ಅದಕ್ಕಾಗಿಯೇ 'ರೆಂಡಿಟಾ' ಎಂಬ ಲೆಕ್ಕ ಹುಟ್ಟಿಕೊಂಡಿತು: ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬುದು. ತೂಕ ಬೇರೆ, ನೂಲು ಬೇರೆ.

ನಮ್ಮ ದೇಹವೂ ಹಾಗೆಯೇ. ನೀವು ಯಂತ್ರದ ಮೇಲೆ ನಿಂತಾಗ ಅದು ಕೊಬ್ಬನ್ನು ಮಾತ್ರ ತೂಗುವುದಿಲ್ಲ. ಮೂಳೆ, ಮಾಂಸಖಂಡ, ರಕ್ತ, ನೀರು, ಜಠರದಲ್ಲಿರುವ ಊಟ, ಕರುಳಿನಲ್ಲಿರುವ ಮಲ, ಮೂತ್ರಕೋಶದಲ್ಲಿರುವ ಮೂತ್ರ ಎಲ್ಲವನ್ನೂ ಸೇರಿಸಿ ಒಂದು ಅಂಕಿ ಕೊಡುತ್ತದೆ. ಒಂದು ಲೀಟರ್ ನೀರು ಕುಡಿದು ಆ ಕೂಡಲೇ ಮತ್ತೆ ನಿಂತರೆ ಒಂದು ಕಿಲೋ ಹೆಚ್ಚಾಗಿರುತ್ತದೆ. ಕುಡಿದದ್ದು ನೀರು, ಕೊಬ್ಬು ಒಂದು ಗ್ರಾಂ ಕೂಡ ಬೆಳೆದಿಲ್ಲ. ಬೆಳಗ್ಗೆಗೂ ಸಂಜೆಗೂ, ಇಂದಿಗೂ ನಾಳೆಗೂ ಒಂದೆರಡು ಕಿಲೋ ವ್ಯತ್ಯಾಸ ಆರೋಗ್ಯವಂತರಲ್ಲಿಯೂ ಸಹಜ.

ಮೊದಲ ವಾರದಲ್ಲಿ ಸರ್ರನೆ ಇಳಿಯುವ ಎರಡು ಕಿಲೋ ಎಲ್ಲಿಂದ ಹೋಗುತ್ತದೆ? ನಾವು ತಿಂದ ಅನ್ನ, ಮುದ್ದೆ, ರೊಟ್ಟಿಯ ಒಂದಿಷ್ಟು ಪಾಲನ್ನು ದೇಹ ಯಕೃತ್ತಿನಲ್ಲಿಯೂ ಮಾಂಸಖಂಡಗಳಲ್ಲಿಯೂ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟಿರುತ್ತದೆ. ಅದು ಒಟ್ಟು ಸುಮಾರು ಅರ್ಧ ಕಿಲೋ. ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಊಟ ದಿಢೀರನೆ ಕಡಿಮೆಯಾದಾಗ ದೇಹ ಮೊದಲು ಈ ಉಗ್ರಾಣವನ್ನು ಖಾಲಿ ಮಾಡುತ್ತದೆ, ನೀರೂ ಹೊರಟುಹೋಗುತ್ತದೆ. ಮತ್ತೆ ಹೊಟ್ಟೆ ತುಂಬ ಉಂಡ ದಿನ ಉಗ್ರಾಣ ತುಂಬಿ ನೀರು ಮರಳುತ್ತದೆ. ಇಳಿದದ್ದೂ ನೀರು, ಏರಿದ್ದೂ ನೀರು.

ಮದುವೆ ಊಟದ ಮರುದಿನ ಏರಿದ ಒಂದೂವರೆ ಕಿಲೋ ಕೂಡ ಹೀಗೆಯೇ. ಒಂದು ಕಿಲೋ ಕೊಬ್ಬು ದೇಹದಲ್ಲಿ ಸೇರಬೇಕಾದರೆ ನಮ್ಮ ದಿನದ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು. ಎಷ್ಟೇ ಒತ್ತಾಯದಿಂದ ಬಡಿಸಿದರೂ ಒಂದು ಹೊತ್ತಿನ ಬಿರಿಯಾನಿಯಲ್ಲಿ ಅಷ್ಟು ಸೇರಲಾರದು. ಬಿರಿಯಾನಿ, ಕಬಾಬ್, ಉಪ್ಪಿನಕಾಯಿಯಲ್ಲಿನ ಉಪ್ಪು ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ಎರಡು ಮೂರು ದಿನ ಮನೆಯ ಸಾದಾ ಊಟ ಮಾಡಿದರೆ ಆ ನೀರು ತಾನಾಗಿ ಇಳಿಯುತ್ತದೆ.

ಸಹೋದರಿಯರು ಇನ್ನೊಂದು ವಿಷಯ ತಿಳಿದಿರಬೇಕು. ಮುಟ್ಟಿಗೆ ಮುಂಚಿನ ಕೆಲವು ದಿನ ದೇಹದಲ್ಲಿ ನೀರು ನಿಲ್ಲುವುದರಿಂದ ಒಂದೆರಡು ಕಿಲೋ ಹೆಚ್ಚು ಕಾಣಬಹುದು. ಆ ದಿನಗಳ ತೂಕವನ್ನು ಹಿಂದಿನ ವಾರದ ತೂಕಕ್ಕೆ ಹೋಲಿಸಬೇಡಿ. ಹೋದ ತಿಂಗಳ ಅದೇ ದಿನಗಳ ತೂಕಕ್ಕೆ ಹೋಲಿಸಿ. ಫಿಲೇಚರ್‌ಗಳಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಇಡೀ ದಿನ ಬೆವರಿ ಬಂದವರು ಸಂಜೆ ತೂಕ ನೋಡಿ ಇಳಿದಿದ್ದೇನೆ ಎಂದುಕೊಳ್ಳುವುದೂ ಅಷ್ಟೇ ತಪ್ಪು. ಅದು ಬೆವರಾಗಿ ಹೋದ ನೀರು, ಕುಡಿದು ತುಂಬಿಕೊಳ್ಳಬೇಕಾದ ನೀರು. ರಮಝಾನ್‌ನ ಉಪವಾಸದಲ್ಲಿ ಇಫ್ತಾರಿಗೆ ಮುಂಚಿನ ತೂಕವೂ ಹೀಗೆ ಮೋಸ ಮಾಡುತ್ತದೆ.

ಗಂಟು ಬೀಳುವುದು ಹೀಗೆ

ಊಟ ಕಡಿಮೆಯಾದರೆ ಮಲವೂ ಕಡಿಮೆಯಾಗುತ್ತದೆ. ಅದು ನಿಧಾನವಾಗಿ ಚಲಿಸುತ್ತದೆ. ಜೊತೆಗೆ ನೀರು ಕುಡಿಯುವುದೂ ಕಡಿಮೆಯಾದರೆ ಗಟ್ಟಿಯಾಗುತ್ತದೆ. ಎರಡು ದಿನ ಹೊಟ್ಟೆ ಸಾಫಾಗದಿದ್ದರೆ ಯಂತ್ರದ ಅಂಕಿ ಏರುತ್ತದೆ. ಅಂಕಿ ನೋಡಿ ಹೆದರಿದವರು ಇನ್ನಷ್ಟು ಊಟ ಬಿಡುತ್ತಾರೆ. ಕೆಲವರು ನೀರನ್ನೂ ಬಿಡುತ್ತಾರೆ. ಮಲಬದ್ಧತೆ ಇನ್ನಷ್ಟು ಹೆಚ್ಚುತ್ತದೆ. ಆಗ ಭೇದಿಯ ಮದ್ದಿನ ನೆನಪಾಗುತ್ತದೆ.

ನಮ್ಮ ಮನೆಗಳಲ್ಲಿ ಸನಾ ಎಂದು ಕರೆಯುವ ಸೋನಾಮುಖಿ ಎಲೆಯ ಕಷಾಯ ಇಂಥ ಹೊತ್ತಿನಲ್ಲಿ ಹೊರಬರುತ್ತದೆ. 'ಸ್ಲಿಮ್ಮಿಂಗ್ ಟೀ' ಎಂದು ಮಾರುವ ಎಷ್ಟೋ ಪೊಟ್ಟಣಗಳಲ್ಲಿ ಇರುವುದೂ ಇದೇ ಎಲೆ. ಸೋನಾಮುಖಿ ಒಳ್ಳೆಯ ಮದ್ದು ಎಂಬುದರಲ್ಲಿ ಅನುಮಾನವಿಲ್ಲ. ಮಲಬದ್ಧತೆಗೆ ಅಲ್ಪಾವಧಿಗೆ ವೈದ್ಯರೂ ಕೊಡುತ್ತಾರೆ. ಆದರೆ ಅದು ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಊಟದ ಕ್ಯಾಲೊರಿಯ ಬಹುಪಾಲು ಅದಕ್ಕೆ ಮುಂಚೆಯೇ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರಿರುತ್ತದೆ. ಆದ್ದರಿಂದ ಭೇದಿಯಿಂದ ಇಳಿಯುವ ತೂಕ ನೀರಿನದು, ಕೊಬ್ಬಿನದಲ್ಲ. ದಿನವೂ ಕುಡಿದರೆ ಹೊಟ್ಟೆ ನುಲಿತ, ನಿಶ್ಶಕ್ತಿ, ರಕ್ತದಲ್ಲಿ ಪೊಟ್ಯಾಸಿಯಂ ಕೊರತೆ ಉಂಟಾಗಬಹುದು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಹೃದ್ರೋಗಿಗಳಿಗೂ ಈ ಕೊರತೆ ಅಪಾಯಕಾರಿ.

ಯಂತ್ರದ ಭಯ ಹೊಟ್ಟೆಯನ್ನು ಕೆಡಿಸಿತು, ಕೆಟ್ಟ ಹೊಟ್ಟೆ ಯಂತ್ರದ ಅಂಕಿಯನ್ನು ಏರಿಸಿತು. ಗಂಟು ಬಿಡಿಸಲು ಎರಡೂ ಕಡೆಯಿಂದ ಕೈಹಾಕಬೇಕು.

ವಾರಕ್ಕೊಂದು ಸಲ ಸಾಕು

ತೂಕ ನೋಡಲೇಬಾರದು ಎಂದು ಯಾರೂ ಹೇಳುವುದಿಲ್ಲ. ಕ್ರಮ ಬೇಕು, ಅಷ್ಟೆ. ಶುಕ್ರವಾರ ಬೆಳಗ್ಗೆ ಜುಮಾದ ಸ್ನಾನಕ್ಕೆ ಮುಂಚಿನ ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಮಲಮೂತ್ರ ಮುಗಿಸಿ, ಖಾಲಿ ಹೊಟ್ಟೆಯಲ್ಲಿ, ಪ್ರತಿ ಸಲವೂ ಅದೇ ಬಗೆಯ ಹಗುರ ಬಟ್ಟೆಯಲ್ಲಿ, ಅದೇ ಯಂತ್ರದ ಮೇಲೆ ನಿಲ್ಲಿ. ಯಂತ್ರ ಗಟ್ಟಿ ನೆಲದ ಮೇಲಿರಲಿ, ಜಮಖಾನದ ಮೇಲೆ ಬೇಡ. ಅಂಕಿಯನ್ನು ಕ್ಯಾಲೆಂಡರ್‌ನಲ್ಲಿ ಬರೆದು ಯಂತ್ರವನ್ನು ಅಲ್ಮೇರಾದ ಮೇಲೆ ಇಟ್ಟುಬಿಡಿ. ಒಂದು ಶುಕ್ರವಾರಕ್ಕೂ ಇನ್ನೊಂದು ಶುಕ್ರವಾರಕ್ಕೂ ಹೋಲಿಸಿ ಕೊರಗಬೇಡಿ. ನಾಲ್ಕು ಶುಕ್ರವಾರ ಕಳೆದ ಮೇಲೆ ಮೊದಲನೆಯದನ್ನೂ ಕೊನೆಯದನ್ನೂ ನೋಡಿ. ವಾರಕ್ಕೆ ಸರಾಸರಿ ಅರ್ಧ ಕಿಲೋ ಇಳಿದಿದ್ದರೆ ಬಹಳ ಚೆನ್ನಾಗಿದೆ. ಕಾಲು ಕಿಲೋ ಇಳಿದಿದ್ದರೂ ಸರಿಯೇ.

ಯಂತ್ರಕ್ಕಿಂತ ನಂಬಿಕಸ್ಥ ಸಾಧನವೊಂದಿದೆ, ಅದು ಒಂದು ದಾರ. ಗೋಡೆಗೆ ಒರಗಿ ನಿಂತು ಅಂಗಾಲಿನಿಂದ ನೆತ್ತಿಯವರೆಗಿನ ಎತ್ತರಕ್ಕೆ ಒಂದು ದಾರ ಕತ್ತರಿಸಿಕೊಳ್ಳಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಹೊರಬಿಟ್ಟ ಸ್ಥಿತಿಯಲ್ಲಿ, ಆ ಮಡಚಿದ ದಾರವನ್ನು ಸುತ್ತಿ ನೋಡಿ. ಎರಡು ತುದಿಗಳು ಕೂಡಿದರೆ ಒಳ್ಳೆಯದು. ಕೂಡದಿದ್ದರೆ ಹೊಟ್ಟೆಯೊಳಗೆ ಕೊಬ್ಬು ಹೆಚ್ಚಿದೆ ಎಂದರ್ಥ. ಸಕ್ಕರೆ ಕಾಯಿಲೆಗೂ ಹೃದ್ರೋಗಕ್ಕೂ ದಾರಿ ಮಾಡುವುದು ಮುಖ್ಯವಾಗಿ ಈ ಕೊಬ್ಬೇ. ಟೇಪ್ ಇದ್ದರೆ ಲೆಕ್ಕ ಇನ್ನೂ ಸುಲಭ. ಭಾರತೀಯರಲ್ಲಿ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ದಾಟಬಾರದು. ಹದಿನೈದು ದಿನಕ್ಕೊಮ್ಮೆ ಅಳೆದರೆ ಸಾಕು. ಎಷ್ಟೋ ಸಲ ತೂಕ ಅಲುಗದ ತಿಂಗಳಲ್ಲಿಯೂ ಸೊಂಟ ಎರಡು ಸೆಂಟಿಮೀಟರ್ ಇಳಿದಿರುತ್ತದೆ.

ತೂಕ ಇಳಿಯದಿದ್ದರೆ ಮಾಡಿದ್ದೆಲ್ಲ ವ್ಯರ್ಥವೇ? ಈ ಪ್ರಶ್ನೆಗೆ ನಮ್ಮ ದೇಶದಲ್ಲೇ ಉತ್ತರ ಸಿಕ್ಕಿದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ತಂಡದವರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಆರಿಸಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸಾಮಾನ್ಯ ಸಲಹೆ ಮಾತ್ರ. ಇನ್ನೊಂದು ಗುಂಪಿಗೆ ದಿನಕ್ಕೆ ಅರ್ಧ ಗಂಟೆ ನಡಿಗೆ, ಸಕ್ಕರೆ ಮತ್ತು ಎಣ್ಣೆಯಲ್ಲಿ ಮಿತಿ, ನಾರಿನ ಆಹಾರ ಹೆಚ್ಚು. ಮೂರು ವರ್ಷಗಳಲ್ಲಿ ಮೊದಲ ಗುಂಪಿನ ನೂರರಲ್ಲಿ 55 ಜನರಿಗೆ ಸಕ್ಕರೆ ಕಾಯಿಲೆ ಬಂತು. ಎರಡನೇ ಗುಂಪಿನಲ್ಲಿ 39 ಜನರಿಗೆ ಮಾತ್ರ. ಗಮನಿಸಬೇಕಾದ ಸಂಗತಿ ಏನೆಂದರೆ, ಈ ಎರಡನೇ ಗುಂಪಿನವರ ಸರಾಸರಿ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅವರು ಯಂತ್ರವನ್ನೇ ನಂಬಿದ್ದರೆ ಸೋತೆವೆಂದು ಬಿಟ್ಟುಬಿಡುತ್ತಿದ್ದರು. ಅವರನ್ನು ಕಾಪಾಡಿದ್ದು ನಡಿಗೆ ಮತ್ತು ಊಟದ ಬದಲಾವಣೆ.

ಹೊಟ್ಟೆ ಏಕೆ ಹಠ ಹಿಡಿಯುತ್ತದೆ?

ಈಗ ಗಂಟಿನ ಇನ್ನೊಂದು ತುದಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಳಿ ಅನ್ನ, ಮೈದಾ, ಮಾಂಸವೇ ಹೆಚ್ಚಾಗಿರುವ ಊಟದಲ್ಲಿ ಅದರ ಅರ್ಧವೂ ಸಿಗುವುದು ಕಷ್ಟ. ಇಂಥ ಊಟಕ್ಕೆ ವರ್ಷಗಟ್ಟಲೆ ಒಗ್ಗಿದ ಕರುಳಿಗೆ ಒಂದೇ ದಿನದಲ್ಲಿ ಮೊಳಕೆ ಕಾಳು, ಹಸಿ ಸೌತೆಕಾಯಿ, ಕ್ಯಾರೆಟ್, ಓಟ್ಸ್ ತುಂಬಿದರೆ ಏನಾಗುತ್ತದೆ? ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದ ನಾರನ್ನೂ ಕಾಳಿನ ಕೆಲವು ಸಕ್ಕರೆಗಳನ್ನೂ ಅಲ್ಲಿನ ಸೂಕ್ಷ್ಮಜೀವಿಗಳು ಹುದುಗಿಸುತ್ತವೆ. ಅದರಿಂದ ಗಾಳಿ ಹುಟ್ಟುತ್ತದೆ. ಹೊಟ್ಟೆ ಉಬ್ಬುತ್ತದೆ. ಇದು ರೋಗವಲ್ಲ, ಒಗ್ಗಿಕೊಳ್ಳುವ ಹಂತ. ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಕೆಲವೇ ವಾರಗಳಲ್ಲಿ ಕರುಳು ಹೊಂದಿಕೊಳ್ಳುತ್ತದೆ.

ಸಂತೋಷದ ವಿಷಯವೆಂದರೆ ನಮ್ಮ ಸೀಮೆಯವರು ನಾರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ರಾಗಿ ಮನೆಯ ಧಾನ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 364 ಮಿಲಿಗ್ರಾಂ ಸುಣ್ಣದಂಶ ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಮಿಗಿಂತ ಕಡಿಮೆ. 75 ಗ್ರಾಂ ಹಿಟ್ಟಿನ ಒಂದು ಮುದ್ದೆ ಎಂಟು ಗ್ರಾಂ ನಾರು ಕೊಡುತ್ತದೆ. ಹಿಟ್ಟನ್ನು ತೀರ ನುಣ್ಣಗೆ ಜರಡಿ ಹಿಡಿದು ತೌಡು ತೆಗೆದುಬಿಟ್ಟರೆ ಈ ಲಾಭ ಕಡಿಮೆಯಾಗುತ್ತದೆ. ಆದರೆ ಮುದ್ದೆಯಲ್ಲಿಯೂ ಕ್ಯಾಲೊರಿ ಅಕ್ಕಿಯಷ್ಟೇ ಇದೆ ಎಂಬುದನ್ನು ಮರೆಯಬೇಡಿ. ಎರಡು ದೊಡ್ಡ ಮುದ್ದೆ ನುಂಗಿ ಮೇಲೆ ಅನ್ನವನ್ನೂ ಉಂಡರೆ ಅದು ಡಯೆಟ್ ಆಗುವುದಿಲ್ಲ.

ನಾಲ್ಕು ವಾರದ ಮೆಟ್ಟಿಲು

*ಮೊದಲ ವಾರ:* ಊಟ ಮುಟ್ಟಬೇಡಿ. ಕುಡಿಯುವುದನ್ನು ಮಾತ್ರ ಬದಲಿಸಿ. ಚಹಾದ ಸಕ್ಕರೆ ಅರ್ಧ ಮಾಡಿ. ಬಾಟಲಿ ಪಾನೀಯ, ಶರಬತ್ತು ನಿಲ್ಲಿಸಿ. ನೀರನ್ನು ಬಾಯಾರಿಕೆಗೆ ಕಾಯದೆ ದಿನವಿಡೀ ಹಂಚಿ ಕುಡಿಯಿರಿ, ಮೂತ್ರ ತಿಳಿ ಹಳದಿ ಇದ್ದರೆ ಸಾಕಾಯಿತು ಎಂದರ್ಥ. ಮೂತ್ರಪಿಂಡ ಅಥವಾ ಹೃದಯದ ಕಾಯಿಲೆಯಿಂದ ನೀರಿಗೆ ಮಿತಿ ಹಾಕಿಸಿಕೊಂಡವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆಯಿರಿ. ಗಾಳಿ, ಉಬ್ಬರ, ರಕ್ತದ ಸಕ್ಕರೆ ಮೂರಕ್ಕೂ ಇದು ಒಳ್ಳೆಯದು.

*ಎರಡನೇ ವಾರ:* ಮಧ್ಯಾಹ್ನದ ಒಂದು ಊಟ ಬದಲಿಸಿ. ಅನ್ನದ ಅರ್ಧ ಭಾಗ ತೆಗೆದು ಅಲ್ಲಿ ಚಿಕ್ಕ ಮುದ್ದೆ, ಸೊಪ್ಪಿನ ಸಾರು ಅಥವಾ ಬಸ್ಸಾರು ಇರಲಿ. ತರಕಾರಿಯನ್ನು ಬೇಯಿಸಿಯೇ ತಿನ್ನಿ. ಹಸಿ ತರಕಾರಿಗಿಂತ ಬೆಂದದ್ದು ಹೊಟ್ಟೆಗೆ ಹಗುರ. ಮಾಂಸದ ಸಾರಿದ್ದರೆ ಇರಲಿ, ತುಂಡುಗಳನ್ನು ತಿನ್ನಿ, ಮೇಲೆ ತೇಲುವ ಎಣ್ಣೆಯನ್ನು ತೆಗೆದಿಡಿ. ತುತ್ತು ಚಿಕ್ಕದಾಗಿರಲಿ, ಊಟ ಇಪ್ಪತ್ತು ನಿಮಿಷ ನಡೆಯಲಿ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಮುಟ್ಟಲು ಅಷ್ಟು ಹೊತ್ತು ಬೇಕು. ಹೊಟ್ಟೆಯ ಒಂದು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಎಂದು ಪ್ರವಾದಿ(ಸ) ಕಲಿಸಿದ ಪಾಠ ಅವಸರದಿಂದ ಉಣ್ಣುವವರಿಗೆ ನೆನಪಾಗುವುದೇ ಇಲ್ಲ.

*ಮೂರನೇ ವಾರ:* ಕಾಳುಗಳನ್ನು ಸೇರಿಸಿ. ಹುರುಳಿ, ಹೆಸರು, ಅಲಸಂದೆ, ಸುಗ್ಗಿಯಲ್ಲಿ ಮಾಗಡಿಯ ಅವರೆ. ಒಣ ಕಾಳನ್ನು ರಾತ್ರಿ ನೆನೆಸಿ, ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ. ಗಾಳಿ ಹುಟ್ಟಿಸುವ ಸಕ್ಕರೆಗಳು ಆ ನೀರಿನೊಂದಿಗೆ ಒಂದಿಷ್ಟು ಹೋಗುತ್ತವೆ. ಜೀರಿಗೆ, ಶುಂಠಿ, ಇಂಗು ಹಾಕುವ ರೂಢಿ ಮುಂದುವರಿಸಿ. ಮೊದಲು ನಾಲ್ಕು ಚಮಚದಷ್ಟು, ಮುಂದೆ ಒಂದು ಬಟ್ಟಲು.

*ನಾಲ್ಕನೇ ವಾರ:* ರಾತ್ರಿಯ ಹೊತ್ತನ್ನು ಸರಿಪಡಿಸಿ. ಊಟಕ್ಕೂ ನಿದ್ದೆಗೂ ನಡುವೆ ಎರಡು ಮೂರು ಗಂಟೆ ಇರಲಿ. ಹುಳಿತೇಗು, ಎದೆಯುರಿಗೆ ಇದಕ್ಕಿಂತ ಒಳ್ಳೆಯ ಮದ್ದು ಕಡಿಮೆ. ಬೆಳಗಿನ ತಿಂಡಿ ಬಿಟ್ಟು ಖಾಲಿ ಹೊಟ್ಟೆಗೆ ಎರಡು ಮೂರು ಲೋಟ ಚಹಾ ಇಳಿಸುವ ರೂಢಿ ಇದ್ದರೆ ಅದನ್ನೂ ಈ ವಾರ ಬಿಡಿ. ಎದೆಯುರಿ ಇರುವವರು ನಿಂಬೆ ನೀರು, ವಿನೆಗರ್ ಕುಡಿಯುವ ಫ್ಯಾಷನ್ನಿನಿಂದ ದೂರವಿರಿ.

ಮದುವೆ, ಅಕೀಕಾ, ಈದ್ ಬಂದಾಗ ಏನು ಮಾಡುವುದು? ಹೋಗಿ, ಉಣ್ಣಿ. ಬಿರಿಯಾನಿ ಒಂದು ಸಲ ಹಾಕಿಸಿಕೊಳ್ಳಿ. ಖುಷ್ಕಾ ಇದ್ದರೆ ಅನ್ನ ಕಡಿಮೆ, ದಾಲ್ಚಾ ಹೆಚ್ಚು. ಅದರಲ್ಲಿ ಬೇಳೆಯೂ ಸೋರೆಕಾಯಿಯೂ ಇದೆ. ಮೊಸರಿನ ಈರುಳ್ಳಿ ಧಾರಾಳವಾಗಿರಲಿ. ಸಿಹಿ ಎರಡು ಚಮಚ. ಮರುದಿನ ಉಪವಾಸವಿದ್ದು ಸರಿದೂಗಿಸಲು ಹೋಗಬೇಡಿ, ಎಂದಿನ ಊಟಕ್ಕೆ ಮರಳಿ. ಯಂತ್ರವಂತೂ ಶುಕ್ರವಾರದವರೆಗೆ ಅಲ್ಮೇರಾದ ಮೇಲೇ ಇರಲಿ.

ಮಲಬದ್ಧತೆಗೆ

ವಾರಕ್ಕೆ ಮೂರಕ್ಕಿಂತ ಕಡಿಮೆ ಸಲ, ಗಟ್ಟಿಯಾಗಿ, ತಿಣುಕಿ ಹೋಗುವುದನ್ನು ಮಲಬದ್ಧತೆ ಎನ್ನುತ್ತಾರೆ. ದಿನವೂ ಆಗಲೇಬೇಕೆಂಬ ನಿಯಮವಿಲ್ಲ. ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ಲೇತ್ ಮುಂದೆ ಗಂಟೆಗಟ್ಟಲೆ ಕೂರುವವರು, ಹೊಲಿಗೆ ಯಂತ್ರದ ಮುಂದೆ ಕೂರುವ ಸಹೋದರಿಯರು ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಬೇಕು. ಕೆಲಸದ ಅವಸರದಲ್ಲಿ, ಅಥವಾ ಕೆಲಸದ ಜಾಗದಲ್ಲಿ ಸರಿಯಾದ ಶೌಚಾಲಯವಿಲ್ಲವೆಂದು ಕರೆ ಬಂದಾಗ ತಡೆಯುವುದು ಹೆಂಗಸರ ಮಲಬದ್ಧತೆಗೆ ದೊಡ್ಡ ಕಾರಣ. ಫಜ್ರ್ ನಮಾಝ್ ಮುಗಿಸಿ ಒಂದು ಲೋಟ ಬೆಚ್ಚಗಿನ ನೀರು ಕುಡಿದು, ತಿಂಡಿಯಾದ ಮೇಲೆ ಅವಸರವಿಲ್ಲದೆ ಹತ್ತು ನಿಮಿಷ ಮೀಸಲಿಡಿ. ತಿಂಡಿ ಜಠರ ಸೇರಿದಾಗ ದೊಡ್ಡ ಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತನ್ನು ಬಳಸಿಕೊಳ್ಳಬೇಕು. ಸೀಬೆ, ಪರಂಗಿ ಹಣ್ಣು ಸಹಾಯಕ. ಇವೆಲ್ಲ ಸಾಲದಿದ್ದರೆ ಇಸಬ್‌ಗೋಲ್ ಒಂದೆರಡು ಚಮಚವನ್ನು ತುಂಬಿದ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಿರಿ. ನೀರು ಕಡಿಮೆಯಾದರೆ ಅದೇ ಗಂಟಲಲ್ಲಿ, ಕರುಳಲ್ಲಿ ಸಿಕ್ಕಿಕೊಳ್ಳಬಹುದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಮಾತ್ರೆ ತೆಗೆದುಕೊಳ್ಳುವವರಿಗೆ ಎಚ್ಚರಿಕೆ

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟ ಅರ್ಧ ಮಾಡಬಾರದು. ಮದ್ದು ಅಷ್ಟೇ ಇದ್ದು ಊಟ ಕಡಿಮೆಯಾದರೆ ರಕ್ತದ ಸಕ್ಕರೆ ಅಪಾಯಮಟ್ಟಕ್ಕೆ ಇಳಿಯುತ್ತದೆ. ಕೈನಡುಕ, ತಣ್ಣನೆ ಬೆವರು, ಎದೆಬಡಿತ, ಗಾಬರಿ ಇದರ ಗುರುತು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ. ಹದಿನೈದು ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ ಕುಡಿದು ಆಸ್ಪತ್ರೆಗೆ ಹೋಗಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು. ಮೆಟ್‌ಫಾರ್ಮಿನ್ ಮಾತ್ರೆ ಶುರುವಾದ ಹೊಸದರಲ್ಲಿ ಗಾಳಿ, ಭೇದಿ ಆಗುವುದುಂಟು. ಅದನ್ನು ಮುದ್ದೆಯ ತಪ್ಪೆಂದು ತಿಳಿಯಬೇಡಿ. ಊಟದ ಜೊತೆ ತೆಗೆದುಕೊಂಡರೆ ಎಷ್ಟೋ ಕಡಿಮೆಯಾಗುತ್ತದೆ.

ತೀರ ವೇಗವಾಗಿ ತೂಕ ಇಳಿಸುವವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಾಧ್ಯತೆ ಹೆಚ್ಚು. ಎಣ್ಣೆ ಊಟದ ನಂತರ ಬಲಪಕ್ಕೆಯ ಕೆಳಗೆ ತೀವ್ರ ನೋವು ಬಂದರೆ ಅದನ್ನು ಗ್ಯಾಸ್ ಎಂದು ಸುಮ್ಮನಾಗಬೇಡಿ. ಗರ್ಭಿಣಿಯರೂ ಎದೆಹಾಲು ಕುಡಿಸುವ ತಾಯಂದಿರೂ ತಾವಾಗಿ ಡಯೆಟ್ ಮಾಡಬಾರದು.

ಕೆಳಗಿನ ಯಾವ ಲಕ್ಷಣ ಕಂಡರೂ ಮನೆಮದ್ದು ನಿಲ್ಲಿಸಿ ವೈದ್ಯರನ್ನು ಕಾಣಿ:

- ಮಲದಲ್ಲಿ ರಕ್ತ, ಅಥವಾ ಡಾಂಬರಿನಂಥ ಕಪ್ಪು ಮಲ
- ನಿಲ್ಲದ ವಾಂತಿ, ನುಂಗಲು ಕಷ್ಟ
- ಹೊಟ್ಟೆ ಗಟ್ಟಿಯಾಗಿ ಉಬ್ಬಿ, ಗಾಳಿಯೂ ಹೋಗದಿರುವುದು
- 50 ದಾಟಿದವರಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ ಅಥವಾ ಭೇದಿ
- ಪ್ರಯತ್ನವೇ ಇಲ್ಲದೆ ಇಳಿಯುತ್ತಿರುವ ತೂಕ

ಕೊನೆಯದನ್ನು ಒತ್ತಿ ಹೇಳಬೇಕಾಗಿದೆ. ಮುಳ್ಳು ಇಳಿದಾಗಲೆಲ್ಲ ಸಂತೋಷಪಡುವ ಅಭ್ಯಾಸದಿಂದ ಕ್ಷಯ, ಥೈರಾಯ್ಡ್, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಷ್ಟೋ ತಡವಾಗಿ ಗೊತ್ತಾಗುತ್ತವೆ. ಮೂವತ್ತು ದಾಟಿದ ಎಲ್ಲರಿಗೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಉಚಿತ. ಡಯೆಟ್ ಶುರು ಮಾಡುವ ಮುನ್ನ ಒಮ್ಮೆ ಮಾಡಿಸಿಕೊಳ್ಳಿ.

ಮನೆಯ ಹಿರಿಯರಿಗೆ ಒಂದು ಮಾತು

ಯಂತ್ರದ ಗೀಳು ಹೆಚ್ಚು ನೋಯಿಸುವುದು ಹರೆಯದ ಹೆಣ್ಣುಮಕ್ಕಳನ್ನು. ಸಂಬಂಧ ನೋಡಲು ಬರುವವರ ಮುಂದೆ, ಬಂಧುಗಳು ಸೇರಿದ ಮನೆಯಲ್ಲಿ "ಸ್ವಲ್ಪ ದಪ್ಪಗಾಗಿದ್ದಾಳೆ" ಎಂದು ಹಗುರವಾಗಿ ಆಡಿದ ಮಾತು ಆ ಮಗುವಿನ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ದಿನಕ್ಕೆ ಹಲವು ಸಲ ತೂಕ ನೋಡುವುದು, ಎಲ್ಲರ ಜೊತೆ ಊಟಕ್ಕೆ ಕೂರಲು ತಪ್ಪಿಸಿಕೊಳ್ಳುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು, ಮುಟ್ಟು ನಿಲ್ಲುವುದು, ಕೂದಲು ಉದುರುವುದು ಕಂಡರೆ ಅದು ಹಠವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ. ಗದರಬೇಡಿ. ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಕೂಡ ನಮ್ಮ ಊರುಗಳಿಂದ ದೂರವಿಲ್ಲ.

ಮನೆಯಲ್ಲಿ ಒಬ್ಬರಿಗೆ ಮಾತ್ರ ಬೇರೆ ತಟ್ಟೆ, ಬೇರೆ ಊಟ ಎಂದಾದರೆ ಅದು ಹೆಚ್ಚು ದಿನ ನಡೆಯುವುದಿಲ್ಲ. ಸೊಪ್ಪಿನ ಸಾರು, ಕಾಳಿನ ಪಲ್ಯ ಎಲ್ಲರ ತಟ್ಟೆಗೂ ಬರಲಿ. ರಾತ್ರಿಯ ನಡಿಗೆಗೆ ಗಂಡ ಹೆಂಡತಿ ಇಬ್ಬರೂ ಹೊರಡಲಿ.

ತಿಂಗಳ ಕೊನೆಯ ಪರೀಕ್ಷೆ

ನಾಲ್ಕನೇ ಶುಕ್ರವಾರ ಯಂತ್ರದ ಮೇಲೆ ನಿಲ್ಲುವ ಮೊದಲು ಈ ಆರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ:

1. ಸೊಂಟದ ದಾರದ ತುದಿಗಳು ಮೊದಲಿಗಿಂತ ಹತ್ತಿರವಾದವೇ?
2. ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಯಿತೇ?
3. ಹೊಟ್ಟೆ ತಿಣುಕದೆ ಸಾಫಾಗುತ್ತಿದೆಯೇ?
4. ಎದೆಯುರಿಯಿಲ್ಲದೆ ರಾತ್ರಿ ನಿದ್ದೆ ಬರುತ್ತಿದೆಯೇ?
5. ವಾರದಲ್ಲಿ ಐದು ದಿನವಾದರೂ ನಡೆದಿರಾ?
6. ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಂಡಿರಾ?

ಇವುಗಳಲ್ಲಿ ನಾಲ್ಕಕ್ಕೆ 'ಹೌದು' ಎಂದಾದರೆ ನಿಮ್ಮ ಡಯೆಟ್ ಸರಿಯಾದ ದಾರಿಯಲ್ಲಿದೆ, ಯಂತ್ರ ಅಂದು ಏನೇ ತೋರಿಸಲಿ. ಎರಡೋ ಮೂರೋ ಆದರೆ ಅದೇ ವಾರದ ಮೆಟ್ಟಿಲಲ್ಲಿ ಇನ್ನೂ ಹದಿನೈದು ದಿನ ನಿಂತು, ಹೊಟ್ಟೆ ಒಗ್ಗಿದ ಮೇಲೆ ಮುಂದಿನದನ್ನು ಹತ್ತಿ. ಒಂದೂ ಇಲ್ಲದೆ ಯಂತ್ರದ ಅಂಕಿ ಮಾತ್ರ ನಾಲ್ಕೈದು ಕಿಲೋ ಇಳಿದಿದ್ದರೆ ಮೊದಲು ವೈದ್ಯರ ಬಳಿಗೆ ಹೋಗಿ.